ಮೊಣಕಾಲೆತ್ತರವೋ ಎದೆಯೆತ್ತರವೋ: ಚೆಂಡುಹೂವಿನ ಗಿಡದ ಅಳತೆ ಯಾರ ಕೈಯಲ್ಲಿದೆ?

ಚೆಂಡುಹೂವಿನ ಬೀಜದ ಪೊಟ್ಟಣದ ಹಿಂಬದಿಯಲ್ಲಿ ಗಿಡದ ಎತ್ತರವನ್ನು ಅಚ್ಚು ಹಾಕಿರುತ್ತಾರೆ. ಫ್ರೆಂಚ್ ಚೆಂಡುಹೂವಾದರೆ 15ರಿಂದ 30 ಸೆಂಟಿಮೀಟರ್, ಆಫ್ರಿಕನ್ ಜಾತಿಯ ಗಿಡ್ಡ ತಳಿಗಳಾದರೆ 25ರಿಂದ 35, ಅದೇ ಜಾತಿಯ ಹಳೆಯ ತಳಿಗಳಾದರೆ 60ರಿಂದ 90. ಅದನ್ನು ನಂಬಿ ಗಿಡ್ಡದ್ದನ್ನು ಪಾತಿಯ ಅಂಚಿಗೂ ಉದ್ದದ್ದನ್ನು ನಡುವಿಗೂ ನೆಟ್ಟವರು ಎರಡು ತಿಂಗಳು ಬಿಟ್ಟು ನೋಡಿದರೆ ಲೆಕ್ಕ ತಪ್ಪಿರುತ್ತದೆ. ಜೂನಿನಲ್ಲಿ ನೆಟ್ಟದ್ದು ಸೊಂಟ ಮುಟ್ಟಿ ಮಳೆಗೆ ಮಲಗಿರುತ್ತದೆ. ಅದೇ ಪೊಟ್ಟಣದ ಬೀಜ ನವೆಂಬರಿನಲ್ಲಿ ಗೇಣುದ್ದಕ್ಕೇ ಮೊಗ್ಗು ಕಟ್ಟಿ ನಿಂತುಬಿಟ್ಟಿರುತ್ತದೆ. ಕುಂಡದಲ್ಲಿಟ್ಟ ಸಸಿಯದು ಒಂದು ಗತಿ, ನೆಲಕ್ಕೆ ಹಾಕಿದ್ದರದು ಇನ್ನೊಂದು ಗತಿ.

ಕಾರಣ ಕೇಳಿದರೆ ಬೀಜದವರು ತಳಿಯತ್ತ ಕೈ ತೋರಿಸುತ್ತಾರೆ. ನರ್ಸರಿಯವರು ಬೆಳಕು ಸಾಲಲಿಲ್ಲ ಎನ್ನುತ್ತಾರೆ. ತಾರಸಿ ತೋಟದವರಿಗೆ ಕುಂಡ ಸಣ್ಣದಾಯಿತು ಎಂಬ ಅನುಮಾನ. ಹೊಲದಲ್ಲಿ ಬೆಳೆಯುವವರನ್ನು ಕೇಳಿದರೆ, ಹೊತ್ತಿಗೆ ಸರಿಯಾಗಿ ಕುಡಿ ಚಿವುಟಲಿಲ್ಲ ಎಂಬ ಉತ್ತರ ಬರುತ್ತದೆ. ಈ ನಾಲ್ಕೂ ಮಾತುಗಳ ಹಿಂದೆ ಸಸ್ಯವಿಜ್ಞಾನದ ಒಂದೊಂದು ದೊಡ್ಡ ಪರಂಪರೆ ಇದೆ, ಒಂದೊಂದೂ ಗಿಡದ ಅಳತೆಯ ಒಂದು ಭಾಗವನ್ನು ಗಟ್ಟಿಯಾಗಿಯೇ ವಿವರಿಸುತ್ತದೆ. ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಬೇರೆ: ಗಿಡ ಇಷ್ಟೇ ಎತ್ತರ ಇರಬೇಕೆಂದು ಬಯಸಿದವರು ಯಾರು, ಮತ್ತು ಯಾತಕ್ಕೆ?

ಗಿಡ್ಡತನ ಗುಣವಾದ ಕಥೆ

ಚೆಂಡುಹೂವಿನ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಅದು ಆಳೆತ್ತರಕ್ಕೆ ಸಮೀಪ ಬೆಳೆದರೂ ಯಾರೂ ದೂರಿದವರಿಲ್ಲ. ಸತ್ತವರ ಹಬ್ಬದ ದಿನಗಳಲ್ಲಿ ಸಮಾಧಿಗಳಿಗೂ ಮನೆಯೊಳಗಿನ ವೇದಿಕೆಗಳಿಗೂ ರಾಶಿ ರಾಶಿ ಹೂ ಬೇಕು, ಉದ್ದ ದಂಟಿನ ಸಮೇತ ಕೊಯ್ಯುವ ಹೂ ಬೇಕು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಜೊತೆ ಸಾಗರ ದಾಟಿ ಯುರೋಪಿಗೆ ಬಂದ ಗಿಡಗಳಿಗೆ, ಬಂದ ದಾರಿಯ ಗೊಂದಲದಲ್ಲಿ, ಆಫ್ರಿಕನ್, ಫ್ರೆಂಚ್ ಎಂಬ ಸಲ್ಲದ ಹೆಸರುಗಳು ಅಂಟಿಕೊಂಡವು. 1753ರಲ್ಲಿ ಲಿನೇಯಸ್ ಎತ್ತರದ್ದನ್ನು ಟಜೆಟಿಸ್ ಇರೆಕ್ಟ ಎಂದೂ ಗಿಡ್ಡದ್ದನ್ನು ಟಜೆಟಿಸ್ ಪ್ಯಾಟುಲ ಎಂದೂ ಬರೆದಿಟ್ಟ. ಇವೆರಡೂ ಬೇರೆ ಬೇರೆ ಜಾತಿಗಳೋ ಒಂದರದೇ ರೂಪಗಳೋ ಎಂಬ ಬಗ್ಗೆ ವರ್ಗೀಕರಣಕಾರರಲ್ಲಿ ಈಗಲೂ ಒಮ್ಮತವಿಲ್ಲ.

ಗಿಡದ ಎತ್ತರ ಒಂದು ಸಮಸ್ಯೆಯಾಗಿ ಕಂಡದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಗಾಜಿನ ಮನೆಯಲ್ಲಿ ಸಾವಿರಗಟ್ಟಲೆ ಸಸಿ ಎಬ್ಬಿಸಿ, ಚಳಿ ಕಳೆದ ಮೇಲೆ ಒಟ್ಟಿಗೆ ಹೊರಗಿನ ಪಾತಿಗಳಿಗೆ ನೆಟ್ಟು, ಹೂವಿನಲ್ಲೇ ರಂಗೋಲಿ ಬರೆಯುವ ಪದ್ಧತಿ 1830ರ ದಶಕದಿಂದ ಬೆಳೆಯಿತು. ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾದ ಮೇಲಂತೂ ಗಾಜಿನ ಮನೆ ಕಟ್ಟುವುದು ಅಗ್ಗವಾಗಿ ಪಾತಿಗಳು ಎಲ್ಲೆಡೆ ಹರಡಿದವು. ಒಂದು ಗಿಡ ಪಕ್ಕದ್ದಕ್ಕಿಂತ ನಾಲ್ಕು ಬೆರಳು ಮೇಲೆದ್ದರೂ ಚಿತ್ತಾರ ಕೆಡುತ್ತಿತ್ತು. ಹೀಗೆ ಏಕರೂಪದ ಗಿಡ್ಡತನ ಒಂದು ಗುಣವಾಯಿತು. ಇದರ ವಿರುದ್ಧ ವಿಲಿಯಂ ರಾಬಿನ್ಸನ್ 1870ರ ತನ್ನ ‘ದ ವೈಲ್ಡ್ ಗಾರ್ಡನ್’ ಪುಸ್ತಕದಲ್ಲಿ ದನಿ ಎತ್ತಿದ. ಗಿಡ ತನ್ನ ಸಹಜ ಆಕಾರಕ್ಕೆ ಬೆಳೆಯಲಿ ಎಂಬುದು ಅವನ ವಾದ. ಆ ಜಗಳ ಇಂದಿಗೂ ತೋಟಗಾರರ ನಡುವೆ ಬೇರೆ ಬೇರೆ ವೇಷದಲ್ಲಿ ನಡೆದೇ ಇದೆ.

ಈ ಪಾತಿ ಪದ್ಧತಿಗೂ ಬೆಂಗಳೂರಿಗೂ ನೇರ ನಂಟಿದೆ. ಲಂಡನ್ನಿನ ಹೈಡ್ ಪಾರ್ಕಿನಲ್ಲೂ ಕ್ಯೂ ತೋಟದಲ್ಲೂ ಕೆಲಸ ಮಾಡಿದ್ದ ಜರ್ಮನ್ ತೋಟಗಾರ ಜಿ.ಎಚ್. ಕ್ರುಂಬಿಗಲ್ ಬರೋಡಾದ ಸೇವೆ ಮುಗಿಸಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಲ್ಲಿ ಅಷ್ಟು ಹೊತ್ತಿಗೆ ಗಾಜಿನ ಮನೆ ಎದ್ದಾಗಿತ್ತು. ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ, ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ ಹಾಸುವ ಹೂವಿನ ಜಮಖಾನ ಆ ಇಂಗ್ಲಿಷ್ ಪಾತಿಯ ವಂಶದ್ದೇ.

ಇಪ್ಪತ್ತನೆಯ ಶತಮಾನದಲ್ಲಿ ಗಿಡ್ಡತನದ ಈ ಆಸೆಯನ್ನು ಅಮೆರಿಕದ ಬೀಜ ವ್ಯಾಪಾರ ಕೈಗೆತ್ತಿಕೊಂಡಿತು. ಹೊಸ ತಳಿಗಳನ್ನು ಪರೀಕ್ಷಿಸಿ ಪ್ರಶಸ್ತಿ ಕೊಡುವ ಆಲ್ ಅಮೆರಿಕ ಸೆಲೆಕ್ಷನ್ಸ್ 1932ರಲ್ಲಿ ಹುಟ್ಟಿತು. ಚೆಂಡುಹೂವಿನ ದೊಡ್ಡ ಪ್ರಚಾರಕ ಬೀಜದ ವ್ಯಾಪಾರಿ ಡೇವಿಡ್ ಬರ್ಪಿ. ಬಿಳಿ ಚೆಂಡುಹೂ ತಂದವರಿಗೆ 10,000 ಡಾಲರ್ ಎಂದು ಸಾರಿ, 1975ರಲ್ಲಿ ಅಯೋವಾದ ಆಲಿಸ್ ವಾಂಕ್ ಎಂಬ ಮನೆತೋಟದ ಹೆಂಗಸಿಗೆ ಆ ಹಣ ಸಂದದ್ದು ಪ್ರಸಿದ್ಧ ಕಥೆ. ಬಣ್ಣದ ಈ ಗದ್ದಲದ ಹಿಂದೆ ಸದ್ದಿಲ್ಲದೆ ನಡೆದ ಬದಲಾವಣೆಯೇ ನಮ್ಮ ವಿಷಯಕ್ಕೆ ಮುಖ್ಯ. ಬೀಜ ಕೊಳ್ಳುವವರಿಗಿಂತ ಹೂ ಬಿಟ್ಟ ಸಸಿಯನ್ನೇ ಟ್ರೇಯಲ್ಲಿ ಕೊಳ್ಳುವವರು ಹೆಚ್ಚಾದರು. ಅಂಗಡಿಯಲ್ಲಿ ಹೂ ಕಾಣಿಸದ ಸಸಿ ಮಾರಾಟವಾಗುವುದಿಲ್ಲ. ಲಾರಿಯ ಅಟ್ಟಣಿಗೆಯಲ್ಲಿ ಹಿಡಿಸುವ ಎತ್ತರ, ಅಂಗೈಯಗಲದ ಮಣ್ಣಿನಲ್ಲೇ ಬಿರಿಯುವ ಹೂ ತಳಿಗಾರರ ಗುರಿಯಾದವು. ತೋಟದಲ್ಲಿ ಮೂರು ತಿಂಗಳ ಮೇಲೆ ಗಿಡ ಹೇಗಿರುತ್ತದೆ ಎಂಬುದು ಎರಡನೆಯ ಮಾತಾಯಿತು. 1995ರಲ್ಲಿ ಆಲ್ ಅಮೆರಿಕ ಪ್ರಶಸ್ತಿ ಪಡೆದ ‘ಪರ್ಪಲ್ ವೇವ್’ ಪೆಟೂನಿಯಾ ನೆಲದ ಮೇಲೆ ಮಾರುದ್ದ ಹರಡುತ್ತಾ ಬಂದಾಗ ಜನ ಮುಗಿಬಿದ್ದರು. ದೊಡ್ಡದಾಗಿ ಹಬ್ಬುವ ಪಾತಿ ಹೂವಿನ ಆಸೆ ಜನರಲ್ಲಿ ಸತ್ತಿರಲಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ.

ಬೀಜದೊಳಗೇ ಬರೆದಿದೆ ಎನ್ನುವವರು

ಮೊದಲ ಪಂಥದ ಮೂಲಪುರುಷ ಮೆಂಡೆಲ್. 1866ರಲ್ಲಿ ಪ್ರಕಟವಾದ ಅವನ ಬಟಾಣಿ ಪ್ರಯೋಗದ ಏಳು ಲಕ್ಷಣಗಳಲ್ಲಿ ಕಾಂಡದ ಉದ್ದವೂ ಒಂದು. ಆರೇಳು ಅಡಿಯ ಗಿಡವನ್ನು ಒಂದೂವರೆ ಅಡಿಗೂ ಕಡಿಮೆಯ ಗಿಡದೊಡನೆ ಕೂಡಿಸಿದಾಗ ನಡುವಿನ ಎತ್ತರ ಬರಲಿಲ್ಲ. ಮೊದಲ ಪೀಳಿಗೆಯೆಲ್ಲ ಉದ್ದ, ಎರಡನೆಯದರಲ್ಲಿ ನಾಲ್ಕಕ್ಕೊಂದರಂತೆ ಗಿಡ್ಡ. ಎತ್ತರ ಎಂಬುದು ಬೀಜದೊಳಗಿನ ಒಂದು ಗುಂಡಿಯ ಹಾಗೆ ಇರಬಹುದೆಂಬ ಯೋಚನೆ ಅಲ್ಲಿಂದ ಬಂತು.

ಆ ಗುಂಡಿ ಒತ್ತಿದರೆ ಏನಾಗುತ್ತದೆಂದು ತಿಳಿದದ್ದು ಬೇರೊಂದು ದಾರಿಯಿಂದ. ಜಪಾನಿನಲ್ಲಿ ಭತ್ತದ ಸಸಿ ಬಡಕಲಾಗಿ ಉದ್ದಕ್ಕೆ ಎಳೆದುಕೊಂಡು ಬಿದ್ದುಹೋಗುವ ರೋಗವೊಂದಿತ್ತು. ಅದಕ್ಕೆ ಕಾರಣ ಒಂದು ಶಿಲೀಂಧ್ರ ಸ್ರವಿಸುವ ವಸ್ತು ಎಂದು 1926ರಲ್ಲಿ ಕುರೊಸಾವಾ ತೋರಿಸಿದರು. 1935ರಲ್ಲಿ ಯಬುಟಾ ಅದಕ್ಕೆ ಗಿಬ್ಬರೆಲಿನ್ ಎಂದು ಹೆಸರಿಟ್ಟರು. ಇಂಗ್ಲೆಂಡಿನ ಐಸಿಐ ಕಂಪನಿಯ ಬ್ರಯನ್ ಮತ್ತು ಹೆಮಿಂಗ್ 1955ರಲ್ಲಿ ಇದನ್ನು ಗಿಡ್ಡ ಬಟಾಣಿಗೆ ಹಾಕಿದಾಗ ಅದು ಉದ್ದದ ಬಟಾಣಿಯಷ್ಟೇ ಬೆಳೆಯಿತು. ಕೊನೆಗೆ 1997ರಲ್ಲಿ ಮೆಂಡೆಲನ ಆ ಜೀನ್ ಯಾವುದೆಂದು ಗೊತ್ತಾಯಿತು: ಗಿಡದೊಳಗೇ ಕ್ರಿಯಾಶೀಲ ಗಿಬ್ಬರೆಲಿನ್ ತಯಾರಿಸುವ ಕಿಣ್ವದ ಜೀನ್ ಅದು. ಹಸಿರು ಕ್ರಾಂತಿಯ ಗಿಡ್ಡ ಗೋಧಿ, ಗಿಡ್ಡ ಭತ್ತಗಳಲ್ಲೂ ತಾಳ ತಪ್ಪಿರುವುದು ಗಿಬ್ಬರೆಲಿನ್ ವ್ಯವಸ್ಥೆಯದೇ.

ಈ ಪಂಥದ ಶಕ್ತಿ ದೊಡ್ಡದು. ಎಫ್-1 ಹೈಬ್ರಿಡ್ ಬೀಜದ ಟ್ರೇಯೊಂದರಲ್ಲಿ ನೂರು ಸಸಿಗಳು ಒಂದೇ ಎತ್ತರಕ್ಕೆ ನಿಲ್ಲುವುದನ್ನು ಬೇರೆ ಯಾರೂ ಇಷ್ಟು ಚೆನ್ನಾಗಿ ವಿವರಿಸಲಾರರು. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದಾಗಿನಿಂದ ಈ ವಿದ್ಯೆ ನಮ್ಮಲ್ಲೂ ಉದ್ಯಮವಾಗಿದೆ.

ಆದರೆ ಚೆಂಡುಹೂವೇ ಈ ಪಂಥದವರನ್ನು ತಡವರಿಸುವಂತೆ ಮಾಡುತ್ತದೆ. ವರ್ಣತಂತುಗಳ ಜೋಡಿ ಹೆಚ್ಚಾದರೆ ಗಿಡದ ಅಂಗಾಂಗಗಳು ದೊಡ್ಡದಾಗುತ್ತವೆ ಎಂಬುದು 1937ರ ನಂತರ, ಕಾಲ್ಚಿಸಿನ್ ಎಂಬ ವಿಷದಿಂದ ವರ್ಣತಂತುಗಳನ್ನು ಇಮ್ಮಡಿ ಮಾಡುವುದು ಸಾಧ್ಯವಾದ ಮೇಲೆ, ತಳಿಗಾರರ ದೊಡ್ಡ ಭರವಸೆಯಾಗಿತ್ತು. ಬರ್ಪಿಯ ಕಂಪನಿ ಆ ದಾರಿಯಲ್ಲಿ ‘ಟೆಟ್ರಾ’ ಚೆಂಡುಹೂ ತಂದದ್ದೂ ಉಂಟು. ಪ್ರಕೃತಿಯ ಲೆಕ್ಕ ಮಾತ್ರ ತಿರುಗುಮುರುಗು. ಎತ್ತರದ ಆಫ್ರಿಕನ್ ಚೆಂಡುಹೂವಿನಲ್ಲಿರುವುದು 24 ವರ್ಣತಂತು. ಗಿಡ್ಡ ಫ್ರೆಂಚ್ ಚೆಂಡುಹೂವಿನಲ್ಲಿ 48. ಎರಡನ್ನೂ ಕೂಡಿಸಿದರೆ 36 ವರ್ಣತಂತುಗಳ ಬಂಜೆ ಗಿಡ ಹುಟ್ಟುತ್ತದೆ, ಬೀಜ ಕಟ್ಟುವ ಗೋಜಿಲ್ಲದ್ದರಿಂದ ತಿಂಗಳುಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ಅದರ ಬೀಜ ದುಬಾರಿ, ಮೊಳಕೆ ಕಡಿಮೆ. ಅಂತೂ ಎಷ್ಟು ವರ್ಣತಂತು ಎಂಬುದರಿಂದ ಎಷ್ಟು ಎತ್ತರ ಎಂದು ಹೇಳಲು ಬರುವುದಿಲ್ಲ.

ಬೆಳಕಿನ ಪಕ್ಷ

1906ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ಒಂದು ವಿಚಿತ್ರ ಗಿಡ ಕಾಣಿಸಿತು. ಬೇಸಿಗೆಯಿಡೀ ಹೂ ಬಿಡದೆ ಎಲೆಯ ಮೇಲೆ ಎಲೆ ಹೊರಡಿಸುತ್ತಾ ದೈತ್ಯಾಕಾರಕ್ಕೆ ಬೆಳೆಯುತ್ತಿತ್ತು. ಅದನ್ನೇ ಚಳಿಗಾಲದಲ್ಲಿ ಗಾಜಿನ ಮನೆಯಲ್ಲಿ ಬೆಳೆಸಿದರೆ ಸಣ್ಣದಿರುವಾಗಲೇ ಹೂ. ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಇದರ ಬೆನ್ನು ಹತ್ತಿ, ಗಿಡ ಹಗಲಿರುಳಿನ ಉದ್ದವನ್ನು ಅಳೆಯುತ್ತದೆ ಎಂದು 1920ರಲ್ಲಿ ಪ್ರಕಟಿಸಿದರು. ಹೂವಿನ ಕಾಲದ ವಿಚಾರವಾಗಿ ಪ್ರಸಿದ್ಧವಾದ ಈ ಸಂಶೋಧನೆ ಹುಟ್ಟಿದ್ದು ಗಿಡದ ಗಾತ್ರದ ಒಂದು ಒಗಟಿನಿಂದ ಎಂಬುದನ್ನು ಪಠ್ಯಪುಸ್ತಕಗಳು ಒತ್ತಿ ಹೇಳುವುದಿಲ್ಲ.

ಚೆಂಡುಹೂವಿಗೆ ಇದು ಹೊಂದುವಷ್ಟು ಚೆನ್ನಾಗಿ ಬೇರೆ ವಿವರಣೆ ಹೊಂದುವುದಿಲ್ಲ. ಆಫ್ರಿಕನ್ ಚೆಂಡುಹೂ ಹಗಲು ಚಿಕ್ಕದಾದಾಗ ಬೇಗ ಮೊಗ್ಗು ಕಟ್ಟುವ ಗಿಡ. ಹಗಲು ಉದ್ದವಾಗಿದ್ದರೂ ಹೂ ಬರುತ್ತದೆ, ತಡವಾಗಿ ಬರುತ್ತದೆ. ಅಷ್ಟರಲ್ಲಿ ಕಾಂಡ ಬೆಳೆದುಬಿಟ್ಟಿರುತ್ತದೆ. ಕಾಂಡದ ತುದಿ ಮೊಗ್ಗಾದ ಮೇಲೆ ಆ ತುದಿಯ ಎತ್ತರ ಮುಗಿದಂತೆಯೇ. ಫ್ರೆಂಚ್ ಚೆಂಡುಹೂ ದಿನದ ಉದ್ದಕ್ಕೆ ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ವರ್ಷದ ಯಾವ ಕಾಲದಲ್ಲಿ ನೆಟ್ಟರೂ ಅದರ ಅಳತೆ ಹೆಚ್ಚುಕಡಿಮೆ ಒಂದೇ ಇರುವುದು ಇದರಿಂದ. ಪಾಶ್ಚಾತ್ಯ ನರ್ಸರಿಗಳಲ್ಲಿ ಆಫ್ರಿಕನ್ ತಳಿಯ ಎಳೆಯ ಸಸಿಗಳಿಗೆ ಮೊದಲ ಕೆಲವು ವಾರ ಸಂಜೆಯೇ ಕಪ್ಪು ಬಟ್ಟೆ ಹೊದಿಸಿ ಹಗಲನ್ನು ಚಿಕ್ಕದು ಮಾಡುವ ರೂಢಿಯಿದೆ. ಗಿಡ್ಡ ಗಿಡಕ್ಕೆ ಅದೊಂದು ರಾಸಾಯನಿಕವಿಲ್ಲದ ಉಪಾಯ.

ಈಗ ಬೀಜದ ಪೊಟ್ಟಣದ ಸಂಖ್ಯೆಯತ್ತ ಮತ್ತೆ ನೋಡಬಹುದು. ಲಂಡನ್ನಿನಲ್ಲಿ ಜೂನಿನ ಹಗಲು 16 ಗಂಟೆಗೂ ಹೆಚ್ಚು, ಡಿಸೆಂಬರಿನದು 8 ಗಂಟೆಗೂ ಕಡಿಮೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆ ಮುಟ್ಟುವುದಿಲ್ಲ, ಅತಿ ಚಿಕ್ಕದು 11 ಗಂಟೆಗಿಂತ ಕೆಳಗಿಳಿಯುವುದಿಲ್ಲ. ಬೇರೆ ಅಕ್ಷಾಂಶದ ಬೇಸಿಗೆಯಲ್ಲಿ ಅಳೆದ ಎತ್ತರವನ್ನು ನಮ್ಮ ಪಾತಿಯ ಮೇಲೆ ಹೇರುವುದು ಅರ್ಥವಿಲ್ಲದ ಕೆಲಸ. ಅಷ್ಟಾಗಿಯೂ ನಮ್ಮ ಈ ಒಂದೂವರೆ ಗಂಟೆಯ ಏರಿಳಿತವೇ ಮಳೆಗಾಲದ ಗಿಡಕ್ಕೂ ಚಳಿಗಾಲದ ಗಿಡಕ್ಕೂ ಇಷ್ಟು ಅಂತರ ಮಾಡುತ್ತದೆಯೇ? ಮಾಡಬಲ್ಲದು ಎನ್ನುವವರಿದ್ದಾರೆ, ಮಳೆಗಾಲದ ಮೋಡ, ತೇವ ಮತ್ತು ಸಾರಜನಕದ ಪಾಲೇ ಹೆಚ್ಚು ಎನ್ನುವವರೂ ಇದ್ದಾರೆ. ಹೊಲದಲ್ಲಿ ಇವೆಲ್ಲ ಒಟ್ಟಿಗೇ ಬದಲಾಗುವುದರಿಂದ ಬಿಡಿಸಿ ನೋಡುವುದು ಕಷ್ಟ.

ಬೆಳಕಿನ ಎರಡನೆಯ ಕಥೆ ಅದರ ಬಣ್ಣದ್ದು. 1952ರಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ತಂಡ ಲೆಟ್ಯೂಸ್ ಬೀಜದ ಮೇಲೆ ಕೆಂಪು ಬೆಳಕಿನ ಪರಿಣಾಮವನ್ನು ಅತಿಗೆಂಪಿನ ಹೊಸ್ತಿಲಲ್ಲಿರುವ ದೂರಗೆಂಪು ಬೆಳಕು ಅಳಿಸಿಹಾಕುವುದನ್ನು ಕಂಡಿತು. ಮುಂದೆ ಫೈಟೋಕ್ರೋಮ್ ಎಂಬ ವರ್ಣವಸ್ತು ಪತ್ತೆಯಾಯಿತು. ಎಲೆಗಳು ಕೆಂಪನ್ನು ಹೀರಿ ದೂರಗೆಂಪನ್ನು ಹೊರಗೆ ಚೆಲ್ಲುತ್ತವೆ. ದೂರಗೆಂಪು ಹೆಚ್ಚಾದರೆ ಪಕ್ಕದಲ್ಲಿ ಪೈಪೋಟಿಗೆ ಇನ್ನೊಂದು ಗಿಡ ಇದೆ ಎಂದು ಗಿಡಕ್ಕೆ ಗೊತ್ತಾಗುತ್ತದೆ, ಕಾಂಡ ಉದ್ದವಾಗುತ್ತದೆ. ನೆರಳು ಬೀಳುವ ಮೊದಲೇ, ಪಕ್ಕದ ಎಲೆಯಿಂದ ಮರಳಿದ ಬೆಳಕಿನಿಂದಲೇ ಸಸಿ ಎಚ್ಚರಗೊಳ್ಳುತ್ತದೆ ಎಂದು 1990ರಲ್ಲಿ ಅರ್ಜೆಂಟೀನಾದ ಬಲ್ಲಾರೆ ಮತ್ತು ಸಂಗಡಿಗರು ತೋರಿಸಿದರು. ಟ್ರೇಯಲ್ಲಿ ಒತ್ತಾಗಿ ಬೆಳೆದ ಸಸಿ ಒಂದು ವಾರ ತಡವಾಗಿ ನೆಟ್ಟರೂ ಸಣಕಲಾಗಿ ಎಳೆದುಕೊಂಡಿರುವುದು ಯಾಕೆಂದು ಇದರಿಂದ ತಿಳಿಯುತ್ತದೆ. ಅಂಥ ಸಸಿ ನೆಲಕ್ಕೆ ಹೋದ ಮೇಲೆ ಎತ್ತರವೇನೋ ಇರುತ್ತದೆ, ಬುಡದಲ್ಲಿ ಕವಲಿರುವುದಿಲ್ಲ.

ಬೇರಿನ ಜಾಗ

ಮೂರನೆಯ ಪಂಥದ ಮಾತು ಸರಳ: ಮೇಲಿನ ಗಿಡ ಕೆಳಗಿನ ಬೇರಿನಷ್ಟೇ. ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 2012ರಲ್ಲಿ ಹಲವಾರು ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಕುಂಡದ ಒಳಜಾಗ ಇಮ್ಮಡಿಯಾದರೆ ಗಿಡದ ತೂಕ ಸರಾಸರಿ 43% ಹೆಚ್ಚುತ್ತದೆ ಎಂದು ಬಂತು. ತಾರಸಿ ತೋಟದವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬಹುದು.

ಒಳಜಗಳ ಇರುವುದು ಕಾರಣದ ಬಗ್ಗೆ. ಸಣ್ಣ ಕುಂಡದಲ್ಲಿ ನೀರು ಬೇಗ ಆರುತ್ತದೆ, ಗೊಬ್ಬರ ಬೇಗ ತೀರುತ್ತದೆ, ಬಿಸಿಲಿಗೆ ಮಣ್ಣು ಕಾಯುತ್ತದೆ, ಅಷ್ಟೇ ಎನ್ನುವವರು ಒಂದು ಕಡೆ. ನೀರು, ಗೊಬ್ಬರ ಎರಡನ್ನೂ ಧಾರಾಳವಾಗಿ ಕೊಟ್ಟರೂ ಇಕ್ಕಟ್ಟಾದ ಬೇರು ಮೇಲಕ್ಕೆ ಸಾಕು ಎಂಬ ಸಂದೇಶ ಕಳಿಸುತ್ತದೆ ಎನ್ನುವವರು ಇನ್ನೊಂದು ಕಡೆ. ಟ್ರೇಯ ಕುಳಿಯಲ್ಲಿ ಬೇರು ಸುತ್ತಿಕೊಂಡ ಸಸಿಯನ್ನು ಒಳ್ಳೆಯ ನೆಲಕ್ಕೆ ಹಾಕಿದರೂ ಅದು ವಾರಗಟ್ಟಲೆ ಮುರುಟಿಕೊಂಡೇ ಇರುವುದನ್ನು ನೋಡಿದವರಿಗೆ ಎರಡನೆಯ ಮಾತು ಹೆಚ್ಚು ಹಿಡಿಸುತ್ತದೆ.

ಕೈ, ಕತ್ತರಿ, ಔಷಧಿ

ಕುಡಿ ಚಿವುಟುವುದು ಹೂ ಬೆಳೆಯುವವರ ಹಳೆಯ ಕೆಲಸ. ತುದಿ ಹೋದರೆ ಪಕ್ಕದ ಕಣ್ಣುಗಳು ಒಡೆದು ಗಿಡ ಬುಟ್ಟಿಯಾಗುತ್ತದೆ. ಏಕೆ? ತುದಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಅದುಮಿ ಹಿಡಿಯುತ್ತದೆ ಎಂಬ ಉತ್ತರ 1930ರ ದಶಕದ ಥೀಮನ್ ಮತ್ತು ಸ್ಕೂಗ್ ಅವರದು. ಬಹುಕಾಲ ಇದೇ ಸಿದ್ಧಾಂತವಾಗಿತ್ತು. ಆಕ್ಸಿನ್ ಮೊಗ್ಗಿನೊಳಗೆ ಹೋಗುವುದೇ ಇಲ್ಲವೆಂದು ಗೊತ್ತಾದ ಮೇಲೆ ಇನ್ನೊಂದು ಸಂದೇಶವಾಹಕ ಇರಬೇಕೆಂದು ಹುಡುಕಾಟ ನಡೆದು, 2008ರಲ್ಲಿ ಸ್ಟ್ರೈಗೋಲ್ಯಾಕ್ಟೋನ್‌ಗಳು ಕವಲೊಡೆಯುವುದನ್ನು ತಡೆಯುತ್ತವೆ ಎಂದು ಎರಡು ತಂಡಗಳು ಪ್ರಕಟಿಸಿದವು. 2014ರಲ್ಲಿ ಕ್ರಿಸ್ಟೀನ್ ಬೆವರಿಜ್ ಅವರ ಆಸ್ಟ್ರೇಲಿಯಾ ತಂಡ ಬಟಾಣಿಯಲ್ಲಿ ಮತ್ತೊಂದು ತಿರುವು ಕೊಟ್ಟಿತು: ತುದಿ ಕತ್ತರಿಸಿದಾಗ ಕೆಳಗಿನ ಮೊಗ್ಗು ಏಳುವುದು ಆಕ್ಸಿನ್ ಕಡಿಮೆಯಾಗುವ ಮೊದಲೇ, ತುದಿಗೆ ಹೋಗುತ್ತಿದ್ದ ಸಕ್ಕರೆ ಪಕ್ಕಕ್ಕೆ ಹರಿದಾಗಲೇ. ಸಕ್ಕರೆಯೇ ಮೊದಲ ಕಾರಣವೋ ಹಾರ್ಮೋನೋ ಎಂಬುದು ಇನ್ನೂ ಬಿಸಿ ಚರ್ಚೆಯಲ್ಲಿದೆ. ಚಿವುಟುವ ಕೈಗೆ ಇದರ ಗೊಡವೆಯಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟು: ಹೂ ಕೆಲವು ದಿನ ತಡವಾಗುತ್ತದೆ, ಸಂಖ್ಯೆಯಲ್ಲಿ ಹೆಚ್ಚುತ್ತದೆ, ಒಂದೊಂದೂ ತುಸು ಸಣ್ಣದಾಗುತ್ತದೆ.

ಚಿವುಟಲು ಕೂಲಿ ದುಬಾರಿಯಾದ ಕಡೆ ಔಷಧಿ ಬಂತು. ಡಾಮಿನೋಜೈಡ್, ಕ್ಲೋರ್ಮೆಕ್ವಾಟ್, ಪ್ಯಾಕ್ಲೋಬ್ಯೂಟ್ರಜಾಲ್ ಎಲ್ಲವೂ ಒಂದಲ್ಲ ಒಂದು ಹಂತದಲ್ಲಿ ಗಿಬ್ಬರೆಲಿನ್ ತಯಾರಿಗೆ ಅಡ್ಡಗಾಲು ಹಾಕುವಂಥವು. ಗಿಬ್ಬರೆಲಿನ್‌ನಿಂದ ಗಿಡ್ಡ ಬಟಾಣಿಯನ್ನು ಉದ್ದ ಮಾಡಿದ ಐಸಿಐ ಕಂಪನಿಯಿಂದಲೇ ಮುಂದೆ ಗಿಡವನ್ನು ಗಿಡ್ಡ ಮಾಡುವ ಪ್ಯಾಕ್ಲೋಬ್ಯೂಟ್ರಜಾಲ್ ಕೂಡ ಬಂತು. ಕಲ್ಟಾರ್ ಎಂಬ ಹೆಸರಿನಲ್ಲಿ ಅದು ನಮ್ಮ ಮಾವಿನ ತೋಟದವರಿಗೆ ಚಿರಪರಿಚಿತ. ಮಣ್ಣಿನಲ್ಲಿ ಅದು ಬಹುಕಾಲ ಉಳಿಯುತ್ತದೆ, ಹೆಚ್ಚಾದರೆ ಪಾತಿ ಹೂವಿನ ಸಸಿ ನೆಲಕ್ಕೆ ಹೋದ ಮೇಲೂ ಬೆಳೆಯದೆ ಕುಳಿತುಬಿಡುತ್ತದೆ. ಡಾಮಿನೋಜೈಡ್ ಅಮೆರಿಕದಲ್ಲಿ, ಸೇಬಿಗೆ ಅದನ್ನು ಬಳಸುವುದರ ಬಗ್ಗೆ 1989ರಲ್ಲಿ ಎದ್ದ ಗಲಾಟೆಯ ನಂತರ, ತಿನ್ನುವ ಬೆಳೆಗಳಿಂದ ಹಿಂದೆ ಸರಿದು ಹೂಗಿಡಗಳಿಗೆ ಮಾತ್ರ ಉಳಿಯಿತು. ಔಷಧಿ ಹಾಕಿದ ಸಸಿಯನ್ನು ಕೊಳ್ಳುವವರಿಗೆ ಆ ವಿಷಯ ಚೀಟಿಯಲ್ಲಿ ಬರೆದಿರುವುದಿಲ್ಲ. ಅವರು ನೋಡಿ ಮೆಚ್ಚಿದ ಅಳತೆ ತಳಿಯದ್ದೇ ಎಂದುಕೊಂಡು ಹೋಗುತ್ತಾರೆ. ಗಿಡದ ಗಾತ್ರದ ಬಗ್ಗೆ ಮನೆತೋಟದವರಲ್ಲಿರುವ ಗೊಂದಲಕ್ಕೆ ಈ ಮೌನದ ಕೊಡುಗೆ ಸಣ್ಣದಲ್ಲ ಎಂದು ನನ್ನ ಅನಿಸಿಕೆ.

ಔಷಧಿಗೆ ಬದಲು ಹುಡುಕಿದವರು ಎರಡು ಕಡೆ ಹೋದರು. ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹೈನ್ಸ್ ಮತ್ತು ಅರ್ವಿನ್ 1980ರ ದಶಕದಲ್ಲಿ ಲಿಲ್ಲಿ ಗಿಡಗಳ ಮೇಲೆ ಕೆಲಸ ಮಾಡಿ, ಕಾಂಡದ ಉದ್ದ ಹಗಲು ಮತ್ತು ರಾತ್ರಿಯ ತಾಪಮಾನದ ಅಂತರವನ್ನು ಅವಲಂಬಿಸಿದೆ ಎಂದರು: ಹಗಲು ಬಿಸಿ, ರಾತ್ರಿ ತಂಪಾದಷ್ಟೂ ಗಿಡ ಉದ್ದ. ಈ ಲೆಕ್ಕದಲ್ಲಿ ಜನವರಿಯ ಬೆಂಗಳೂರಿನಲ್ಲಿ, ಹಗಲು 28 ರಾತ್ರಿ 16 ಡಿಗ್ರಿ ಇರುವಾಗ, ಗಿಡಗಳು ಎಳೆದುಕೊಳ್ಳಬೇಕು. ಚೆಂಡುಹೂ ಆಗಲೇ ಗಿಡ್ಡವಾಗಿರುತ್ತದೆ. ಫ್ರೆಂಚ್ ಚೆಂಡುಹೂವನ್ನು ತಾಪಮಾನದ ಅಂತರಕ್ಕೆ ಅಷ್ಟಾಗಿ ಸ್ಪಂದಿಸದ ಗಿಡಗಳ ಪಟ್ಟಿಯಲ್ಲೇ ಇಟ್ಟಿದ್ದಾರೆ. ಆಫ್ರಿಕನ್ನಿನಲ್ಲಿ ದಿನದ ಉದ್ದದ ಎಳೆತವೇ ಮೇಲುಗೈ ಆಗುತ್ತದೆ ಎಂದುಕೊಳ್ಳಬಹುದು.

ಇನ್ನೊಂದು ದಾರಿ ಸ್ಪರ್ಶದ್ದು. ದಿನಾ ಮುಟ್ಟಿದ, ಗಾಳಿಗೆ ಅಲುಗಿದ ಕಾಂಡ ಗಿಡ್ಡವಾಗಿ, ದಪ್ಪವಾಗಿ ಬೆಳೆಯುವುದನ್ನು ಮಾರ್ಕ್ ಜಾಫ್ 1973ರಲ್ಲಿ ವಿವರಿಸಿ ಅದಕ್ಕೊಂದು ಶಾಸ್ತ್ರೀಯ ಹೆಸರಿಟ್ಟರು. 1990ರಲ್ಲಿ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್ ಹಾರ್ಮೋನು ಸಿಂಪಡಿಸಿ ಯಾವ ಜೀನ್‌ಗಳು ಏಳುತ್ತವೆಂದು ನೋಡುತ್ತಿದ್ದಾಗ ಬರಿಯ ನೀರು ಸಿಂಪಡಿಸಿದ ಗಿಡಗಳಲ್ಲೂ ಅವೇ ಎದ್ದವು. ಕೆಲಸ ಮಾಡಿದ್ದು ಹಾರ್ಮೋನಲ್ಲ, ಹನಿಯ ಪೆಟ್ಟು. ಸಸಿಗಳ ಮೇಲೆ ದಿನಕ್ಕೆ ನಾಲ್ಕಾರು ಬಾರಿ ಕೋಲನ್ನೋ ಬಟ್ಟೆಯನ್ನೋ ಹಗುರವಾಗಿ ಸವರುವ ಯಂತ್ರಗಳು ಕೆಲವು ನರ್ಸರಿಗಳಲ್ಲಿವೆ. ಗಾಳಿಯಾಡದ ಪಾಲಿಹೌಸಿನ ಸಸಿಗೂ ಬಯಲಿನ ಸಸಿಗೂ ಇರುವ ವ್ಯತ್ಯಾಸದಲ್ಲಿ ಈ ಸ್ಪರ್ಶದ ಪಾಲೂ ಇದೆ.

ಮಾಲೆ ಕಟ್ಟುವವರ ಅಳತೆಗೋಲು

ಮೇಲಿನ ವಾದಗಳೆಲ್ಲ ಗಿಡ ಗಿಡ್ಡವಾಗಿರಲಿ ಎಂಬ ಬಯಕೆಯಿಂದ ಹೊರಟವು. ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಹೊಲದಲ್ಲಿ ನಿಂತರೆ ಪ್ರಶ್ನೆಯೇ ಬೇರೆಯಾಗುತ್ತದೆ. ಓಣಂ ಕಾಲದಲ್ಲಿ ಕೇರಳದಿಂದ ಬಂದವರು ಕಾರು ನಿಲ್ಲಿಸಿ ಫೋಟೊ ತೆಗೆಯುವ ಆ ಹಳದಿ, ಕಿತ್ತಳೆ ಹರವಿನಲ್ಲಿ ಗಿಡ ಸೊಂಟದೆತ್ತರ ಇದ್ದರೆ ಕೊಯ್ಯುವವರ ಬೆನ್ನಿಗೆ ಸುಖ. ಕವಲು ಹೆಚ್ಚಿದ್ದಷ್ಟೂ ಕೊಯ್ಲು ಹೆಚ್ಚು. ಎತ್ತರಕ್ಕಿಂತ ಅಲ್ಲಿ ಎಣಿಕೆಗೆ ಬರುವುದು ಹೂವಿನ ತೂಕ, ಎಸಳಿನ ಒತ್ತು, ದಸರೆಗೆ ಹೊಂದಿಕೊಂಡು ಬರುವ ದಿನ, ಕೆ.ಆರ್. ಮಾರುಕಟ್ಟೆ ತಲುಪುವವರೆಗೆ ಬಾಡದ ತಾಳಿಕೆ. ಕೋಳಿ ಆಹಾರಕ್ಕೂ ಔಷಧಕ್ಕೂ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಬೆಳೆಯುವವರಿಗಂತೂ ಹೂವಿನೊಳಗಿನ ಲ್ಯೂಟಿನ್ನೇ ಲೆಕ್ಕ.

ತಳಿಗಳೂ ಇದಕ್ಕೆ ತಕ್ಕಂತೆ ಬೇರೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ, ಪೂಸಾ ಬಸಂತಿ ತಳಿಗಳನ್ನು ಆರಿಸಿದ್ದು ಬಿಡಿ ಹೂವಿನ ಇಳುವರಿಗೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಅಗ್ನಿ, ಅರ್ಕ ಬಂಗಾರ-2 ಬಂಜೆ ಗಿಡಗಳು. ಅವನ್ನು ಬೀಜದಿಂದಲ್ಲದೆ ಕಡ್ಡಿ ನೆಟ್ಟು ಬೆಳೆಸುತ್ತಾರೆ. ರಸ್ತೆ ವಿಭಜಕದ ಪಾತಿಗೆಂದು ಬಂದ ಗಿಡ್ಡ ಹೈಬ್ರಿಡ್ ಮಾಲೆಗೆ ಆಗಿಬರುವುದಿಲ್ಲ: ಹೂ ದೊಡ್ಡದಿರುತ್ತದೆ, ಗಿಡಕ್ಕೆ ಬಿಡುವುದು ಕೆಲವೇ, ಕೊಯ್ಲು ಕೆಲವೇ ಸರದಿಗೆ ಮುಗಿದುಹೋಗುತ್ತದೆ. ಮಾಲೆಯ ತಳಿಯನ್ನು ಪಾತಿಯ ಅಂಚಿಗೆ ಹಾಕಿದರೂ ಆಗಿಬರುವುದಿಲ್ಲ. ಸರಿಯಾದ ಗಾತ್ರ ಯಾವುದು ಎಂಬುದಕ್ಕೆ ಸಸ್ಯಶಾಸ್ತ್ರದಲ್ಲಿ ಉತ್ತರ ಹುಡುಕುವ ಮೊದಲು ಆ ಹೂ ಯಾರಿಗೆ ಮಾರಾಟವಾಗುತ್ತದೆ ಎಂದು ಕೇಳಬೇಕು ಎನ್ನುವುದು ಇದಕ್ಕೇ.

ಇನ್ನೂ ಇತ್ಯರ್ಥವಾಗದವು

ಕಾಂಡ ಏಕೆ ಉದ್ದವಾಗುತ್ತದೆ ಎಂಬುದನ್ನು ಮೇಲಿನ ಪಂಥಗಳು ಸೇರಿ ಬಹುಮಟ್ಟಿಗೆ ಹೇಳಿವೆ. ಅಗಲದ ವಿಚಾರ ಹಾಗಲ್ಲ. ಎಷ್ಟು ಕವಲು, ಯಾವ ಕೋನದಲ್ಲಿ, ಎಷ್ಟು ಹರಡು ಎಂಬುದರ ನಿಯಮ ಅಸ್ಪಷ್ಟ. ಆಕ್ಸಿನ್, ಸ್ಟ್ರೈಗೋಲ್ಯಾಕ್ಟೋನ್, ಸಕ್ಕರೆ ಇವುಗಳಲ್ಲಿ ಯಾವುದಕ್ಕೆ ಯಾವಾಗ ಮೇಲುಗೈ ಎಂಬುದು ಬಟಾಣಿಯಲ್ಲೇ ತೀರ್ಮಾನವಾಗಿಲ್ಲ, ಚೆಂಡುಹೂವಿನ ಮಾತು ಆಮೇಲಿನದು. ಬಟಾಣಿಯ ಕವಲಿನ ತುದಿಯಲ್ಲಿ ಚೆಂಡುಹೂವಿನ ಹಾಗೆ ದೊಡ್ಡ ಹೂ ಕೂರುವುದಿಲ್ಲ ಎಂಬ ಕಾರಣಕ್ಕೇ ಅಲ್ಲಿನ ಫಲಿತಾಂಶ ಇಲ್ಲಿಗೆ ಎಷ್ಟು ಹೊಂದೀತು ಎಂಬ ಸಂಶಯ ನ್ಯಾಯವಾದದ್ದು.

ಎರಡನೆಯದು ಸಸಿಯ ನೆನಪು. ಟ್ರೇಯಲ್ಲಿ ಕಳೆದ ನಾಲ್ಕು ವಾರದ ಇಕ್ಕಟ್ಟು, ನೆರಳು, ಔಷಧಿ ಗಿಡದ ಮುಂದಿನ ಮೂರು ತಿಂಗಳ ಮೇಲೆ ಎಷ್ಟು ಕಾಲ ಗುರುತು ಉಳಿಸುತ್ತದೆ? ಕೊಳ್ಳುವವರ ದೃಷ್ಟಿಯಿಂದ ಇದಕ್ಕಿಂತ ಮುಖ್ಯ ಪ್ರಶ್ನೆಯಿಲ್ಲ. ಆದರೆ ನರ್ಸರಿಯ ಆಸಕ್ತಿ ಸಸಿ ಮಾರಾಟವಾಗುವ ದಿನಕ್ಕೆ ಮುಗಿಯುವುದರಿಂದ, ಪ್ರಯೋಗಗಳೂ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತವೆ.

ಮೂರನೆಯದು ನಮ್ಮ ಅಕ್ಷಾಂಶದ್ದು. 13 ಡಿಗ್ರಿ ಉತ್ತರದಲ್ಲಿ, ಹಗಲಿನ ಉದ್ದ ಇಷ್ಟು ಕಡಿಮೆ ಬದಲಾಗುವಲ್ಲಿ, ಮಳೆಗಾಲದ ಉದ್ದ ಗಿಡಕ್ಕೆ ದಿನದ ಪಾಲೆಷ್ಟು, ಮೋಡದ ಪಾಲೆಷ್ಟು, ನೀರಿನದೆಷ್ಟು? ಮಳೆಗಾಲದ ಮಧ್ಯೆ ಕಪ್ಪು ಬಟ್ಟೆ ಹೊದಿಸಿ ಹಗಲನ್ನು ಡಿಸೆಂಬರಿನಷ್ಟು ಮಾಡಿದ ಒಂದು ಪಾತಿ, ಚಳಿಗಾಲದಲ್ಲಿ ದೀಪ ಹಚ್ಚಿ ಹಗಲನ್ನು ಜೂನಿನಷ್ಟು ಮಾಡಿದ ಇನ್ನೊಂದು ಪಾತಿ, ಎರಡಕ್ಕೂ ಒಂದೇ ಬೀಜ, ಒಂದೇ ಗೊಬ್ಬರ. ಇದು ದೊಡ್ಡ ಪ್ರಯೋಗಶಾಲೆ ಬೇಡದ ಕೆಲಸ. ಇದಕ್ಕೆ ಬರುವ ಉತ್ತರದ ಮೇಲೆ ಪೊಟ್ಟಣದ ಹಿಂದೆ ಕನ್ನಡದಲ್ಲಿ ಅಚ್ಚಾಗಬೇಕಾದ್ದು ಒಂದು ಸಂಖ್ಯೆಯೋ, ನೆಡುವ ತಿಂಗಳಿಗೊಂದರಂತೆ ಹಲವು ಸಂಖ್ಯೆಗಳೋ ಎಂಬುದು ನಿಂತಿದೆ.